ಸರಕಾರದ ಪೆಟ್ಟು, ಅತ್ತೆಯ ಮದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಸಿಟ್ಟು ಮಾಡಬೇಡಿ, ಬಿ.ಪಿ. ಏರುತ್ತದೆ ಎಂದು ಕಿಡ್ನಿ ಡಾಕ್ಟರು ಪ್ರತಿ ಸಲವೂ ಹೇಳುತ್ತಾರೆ. ನಾನೂ ಪ್ರಯತ್ನ ಮಾಡುತ್ತಿದ್ದೇನೆ. ಆದರೆ ಈ ಕಥೆಯನ್ನು ಸಿಟ್ಟಿಲ್ಲದೆ ಹೇಳಲು ನನ್ನಿಂದಾಗುವುದಿಲ್ಲ. ಆದ್ದರಿಂದ ಬಿ.ಪಿ. ಮಾತ್ರೆ ನುಂಗಿಯೇ ಬರೆಯಲು ಕುಳಿತಿದ್ದೇನೆ. ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತು ತನಗೇ ಯಾಕೆ ಹೀಗಾಯಿತು ಎಂದು ಯೋಚಿಸುತ್ತಿರುವವರು ಇದನ್ನು ಓದಬೇಕು. ಖಾಕಿಯವರಿಂದ ಪೆಟ್ಟು ತಿಂದು, ಯಾರಲ್ಲಿ ಹೇಳುವುದೆಂದು ಗೊತ್ತಾಗದೆ ಗೋಡೆ ಕಡೆ ಮುಖ ಮಾಡಿ ಮಲಗಿರುವವರೂ ಓದಬೇಕು. ನಾನು ಎರಡೂ ಕಡೆ ಇದ್ದು ಬಂದವನು.

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮೊಗ್ರಾಲಿನಲ್ಲಿ ಹೆದ್ದಾರಿ ಬದಿಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಆರು ದಿನ ಪ್ಯಾಂಟು, ಅಂಗಿ, ಶಾಲೆ ಮಕ್ಕಳ ಯೂನಿಫಾರಂ. ಭಾನುವಾರ ಮಾತ್ರ ನನಗೆ ಒಂದು ಹುಚ್ಚು. ಬೆಳಕು ಹರಿಯುವಾಗ ಲುಂಗಿ ಎತ್ತಿ ಕಟ್ಟಿ ಹೊಳೆಗಿಳಿದು ಮರುವಾಯಿ ಹೆಕ್ಕುವುದು. ಮರುವಾಯಿ ಎಂದರೆ ಹೊಳೆಯ ಮರಳಿನಲ್ಲಿ ಹುದುಗಿರುವ ಚಿಪ್ಪು; ಕಾಲಿನ ಬೆರಳಿಗೆ ಅದು ತಾಗುವಾಗಿನ ಸುಖ ಗೊತ್ತಿದ್ದವರಿಗೇ ಗೊತ್ತು. ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದರೆ ನನ್ನ ಹೆಂಡತಿ ಶಶಿಯ ಕೈಯನ್ನು ಹೊಗಳದೆ ಏಳಲು ಸಾಧ್ಯವಿಲ್ಲ.

ಆ ಭಾನುವಾರ ಹೊಳೆಯ ಆಚೆ ದಡದಲ್ಲಿ ಕಳ್ಳ ಮರಳಿನ ದೋಣಿಗಳಿದ್ದವು. ಪೊಲೀಸ್ ಜೀಪು ಬಂತು. ದೋಣಿಯವರು ಜೀಪಿನ ಸದ್ದಿಗೇ ಮಾಯ. ಉಳಿದವನು ನಾನೊಬ್ಬ. ಒದ್ದೆ ಲುಂಗಿ, ಮೊಣಕಾಲಿನವರೆಗೆ ಮರಳು, ಕೈಯಲ್ಲಿ ಬುಟ್ಟಿ. ಇನ್ನೆಂತ ಸಾಕ್ಷಿ ಬೇಕು ಅವರಿಗೆ?

"ಮರಳಿನ ಲಾರಿ ಯಾರದ್ದು?" ಎಂದು ಎಸ್ಸೈ ಮಲಯಾಳದಲ್ಲಿ ಕೇಳಿದ.

"ಇದು ಮರುವಾಯಿ ಅಂತ ಕಾಣುದಿಲ್ವಾ ಸಾರ್? ಇದನ್ನು ಲಾರಿಯಲ್ಲಿ ಯಾರಾದ್ರೂ ಕೊಂಡೋಗ್ತಾರಾ?" ಎಂದು ನಾನೂ ಮಲಯಾಳದಲ್ಲೇ ಕೇಳಿದೆ.

ಬಡವನ ಕೋಪ ದವಡೆಗೆ ಮೂಲ ಎಂದು ಗಾದೆ. ನನಗೆ ಬಿದ್ದದ್ದು ತೊಡೆಗೆ. ಠಾಣೆಯ ಹಿಂದಿನ ಕೋಣೆಯಲ್ಲಿ ಬೋರಲು ಮಲಗಿಸಿ, ಸೊಂಟದಿಂದ ಮೊಣಕಾಲಿನ ಹಿಂಭಾಗದವರೆಗೆ ಹೊಡೆದರು. ಅದನ್ನು ವಿವರಿಸಿ ಬರೆಯಲು ನನಗೆ ಇಷ್ಟವಿಲ್ಲ. ಯಾವ ಠಾಣೆ ಎಂದೂ ಬರೆಯುವುದಿಲ್ಲ, ಈಗ ಅಲ್ಲಿ ಬೇರೆ ಜನ ಇದ್ದಾರೆ. ಮಧ್ಯಾಹ್ನ ನಮ್ಮ ವಾರ್ಡ್ ಮೆಂಬರ್ ಸುದ್ದಿ ತಿಳಿದು ಓಡಿ ಬಂದು, ಇವನು ಟೈಲರ್, ಇವನಿಗೂ ಮರಳಿಗೂ ಎಂತ ಸಂಬಂಧ ಎಂದು ಗಲಾಟೆ ಮಾಡಿದ ಮೇಲೆ ಬಿಟ್ಟರು. ಕೇಸಿಲ್ಲ, ಸಹಿ ಇಲ್ಲ, ಹೆಸರು ಕೂಡ ಬರೆದುಕೊಂಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದು, ಎಮ್ಮೆ ಕೊಟ್ಟಿಗೆಗೆ ಬಂದೇ ಇಲ್ಲ ಎಂದು ಹೇಳಲು ತಯಾರಿ ಮಾಡಿಕೊಂಡಿದ್ದರು ಎಂದು ನನಗೆ ಆಮೇಲೆ ಅರ್ಥವಾಯಿತು.

ಮನೆಗೆ ಬಂದೆ. ಶಶಿ ಅಳುತ್ತಾ, ಪೊಲೀಸರ ಏಳು ತಲೆಮಾರಿಗೂ ಶಾಪ ಹಾಕುತ್ತಾ ಬಿಸಿ ಎಣ್ಣೆ ಹಚ್ಚಿದಳು. ತೊಡೆ ನೀಲಿಯಾಗಿ ಬಾತುಕೊಂಡಿತ್ತು. ಅದು ಹೊರಗಿನ ಪೆಟ್ಟು, ಎಣ್ಣೆಗೆ ವಾಸಿಯಾದೀತು ಎಂದು ನಾವಿಬ್ಬರೂ ತಿಳಿದಿದ್ದೆವು. ಮರುದಿನ ಬೆಳಿಗ್ಗೆ ಮೂತ್ರ ನೋಡಿದರೆ ಕಡು ಚಹಾದ ಬಣ್ಣ. ಹೊಟ್ಟೆ ತೊಳಸುತ್ತಿತ್ತು, ವಾಂತಿ ಬೇರೆ.

ಇಲ್ಲಿ ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪನ್ನು ನಾವು ಮಾಡಿದೆವು. ಮೂತ್ರದ ಬಣ್ಣ ಬದಲಾಯಿತೆಂದರೆ ನಮಗೆ ಒಂದೇ ರೋಗ ನೆನಪಾಗುವುದು, ಕಾಮಾಲೆ. ಕಾಮಾಲೆಗೆ ನಾವು ಆಸ್ಪತ್ರೆಗೆ ಹೋಗುವುದಿಲ್ಲ, ಮದ್ದು ಕೊಡುವವರ ಮನೆಗೆ ಹೋಗುತ್ತೇವೆ. ಅದೂ ನನಗೆ ದೂರ ಹುಡುಕುವ ಕೆಲಸವೇ ಇರಲಿಲ್ಲ. ವರ್ಕಾಡಿಯಲ್ಲಿ ಕಾಮಾಲೆಗೆ ಮದ್ದು ಕೊಡುವ ಸುಂದರಿಯಕ್ಕ ಎಂದರೆ ನನ್ನ ಸ್ವಂತ ಅತ್ತೆ, ಶಶಿಯ ತಾಯಿ.

ಅತ್ತೆ ಬೀಡಿ ಕಟ್ಟಿ ಮೂರು ಮಕ್ಕಳನ್ನು ಸಾಕಿದವರು. ಮದ್ದು ಅವರಿಗೆ ಅವರ ಅತ್ತೆಯಿಂದ ಬಂದದ್ದು. ಅದಕ್ಕೆ ಕಟ್ಟುನಿಟ್ಟಿನ ಕ್ರಮ ಉಂಟು. ಹೊತ್ತು ಮೂಡುವ ಮೊದಲು ಖಾಲಿ ಹೊಟ್ಟೆಯಲ್ಲಿ ಬರಬೇಕು. ಹಣ ಮುಟ್ಟುವುದಿಲ್ಲ. ಕೊಡುವವರು ಮೊದಲು ಅದೇ ಪಾತ್ರೆಯಿಂದ ತಾವೊಂದು ಗುಟುಕು ಕುಡಿದು ಆಮೇಲೆ ರೋಗಿಗೆ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸೊಪ್ಪು ಎಂದು ಬಾಯಿ ಬಿಡಬಾರದು. ಬಾಯಿ ಬಿಟ್ಟರೆ ಕೈಗುಣ ಹೋಗುತ್ತದೆ, ಮತ್ತೆ ಆ ಕೈಯಿಂದ ಯಾರಿಗೂ ಗುಣವಾಗುವುದಿಲ್ಲ. ಸ್ವಂತ ಮಗಳಿಗೂ ಅವರು ಹೇಳಿರಲಿಲ್ಲ. ಸಾಯುವ ಮೊದಲು ಕಿವಿಯಲ್ಲಿ ಹೇಳಬೇಕಾದ ಗುಟ್ಟು ಅದು.

ಎರಡು ಬೆಳಿಗ್ಗೆ ನನಗೆ ಮದ್ದು ಕೊಟ್ಟರು. ಮೂರನೆಯ ಬೆಳಿಗ್ಗೆ ನನ್ನ ಮುಖ ಊದಿತ್ತು, ಉಸಿರು ಎಳೆಯಲು ಕಷ್ಟ, ಹಿಂದಿನ ದಿನದಿಂದ ಮೂತ್ರವೇ ಇಲ್ಲ. ಅತ್ತೆ ನನ್ನ ಪಾದವನ್ನು ಬೆರಳಿನಿಂದ ಒತ್ತಿ ನೋಡಿದರು. ಗುಂಡಿ ಬಿದ್ದದ್ದು ಹಾಗೆಯೇ ಉಳಿಯಿತು.

"ಶಶೀ, ಜೀಪು ಕರಿ. ಎಂತದೋ ತಪ್ಪಿದೆ ಮಗಾ," ಎಂದರು. ಅವರ ಧ್ವನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಂಗಳೂರಿನ ಆಸ್ಪತ್ರೆಯಲ್ಲಿ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಎಂದರು. ಆ ಮಾತು ಕೇಳುವಾಗ ಮನುಷ್ಯನಿಗೆ ಏನಾಗುತ್ತದೆ ಎಂದು ಕೇಳಿದರೆ, ನನಗಂತೂ ಅಂಗಡಿಯಲ್ಲಿ ಅರ್ಧ ಹೊಲಿದಿಟ್ಟ ಒಂದು ಮದುವೆ ಕೋಟಿನ ನೆನಪಾಯಿತು. ಹೆಂಡತಿ ಅಲ್ಲ, ದೇವರು ಅಲ್ಲ, ಕೋಟು! ಭಯ ದೊಡ್ಡದಾದಾಗ ಮನಸ್ಸು ಸಣ್ಣ ವಸ್ತುವನ್ನು ಹಿಡಿದುಕೊಳ್ಳುತ್ತದೋ ಏನೋ. ಕುತ್ತಿಗೆಗೆ ನಳಿಗೆ ಹಾಕಿ ಯಂತ್ರಕ್ಕೆ ಕಟ್ಟಿದರು. ನನ್ನದೇ ರಕ್ತ ನನ್ನ ಕಣ್ಣೆದುರು ಹೊರಗೆ ಹೋಗಿ ತಿರುಗಿ ಬರುವುದನ್ನು ನೋಡುತ್ತಾ, ನಾನು ನಡುಗುತ್ತಾ ಮಲಗಿದ್ದೆ. ಅಲ್ಲಿಯ ಸಿಸ್ಟರ್ ಒಬ್ಬರು ಏನೂ ಕೇಳದೆ ಎರಡು ಕಂಬಳಿ ಹೊದಿಸಿ, ಪಾದಕ್ಕೆ ತಮ್ಮ ಸ್ವೆಟರನ್ನೇ ಸುತ್ತಿದರು. ಅವರ ಹೆಸರು ಕೇಳಿಕೊಳ್ಳಲೂ ಆಗಲಿಲ್ಲ, ಮರುವಾರ ಅವರಿಗೆ ಬೇರೆ ವಾರ್ಡಂತೆ.

ನನ್ನ ಡಾಕ್ಟರು ರೇವತಿ, ಸಣ್ಣ ಆಳು, ಕಡಿಮೆ ಮಾತು. ಮೊದಲ ದಿನವೇ ನನ್ನ ತೊಡೆ ನೋಡಿ, "ಇದು ಹೇಗಾಯ್ತು?" ಎಂದರು. ನಾನು ಶಶಿಯ ಮುಖ ನೋಡಿದೆ. ನನ್ನ ಅಣ್ಣ ಪಕ್ಕದಲ್ಲಿ ನಿಂತು ಬೇಡ ಬೇಡ ಎಂದು ಕಣ್ಣಿನಲ್ಲೇ ಹೇಳುತ್ತಿದ್ದ. ಪೊಲೀಸರ ಸಹವಾಸ ನಮಗೆ ಬೇಡ, ಜೀವ ಉಳಿದರೆ ಸಾಕು ಎಂಬುದು ಅಣ್ಣನ ವಾದ. ಡಾಕ್ಟರು ಅವಸರ ಮಾಡಲಿಲ್ಲ. ಕುರ್ಚಿ ಎಳೆದು ಕುಳಿತರು.

"ನೀವು ಹೇಳದಿದ್ರೂ ನಾನು ಮದ್ದು ಕೊಡ್ತೇನೆ. ಆದ್ರೆ ಹೇಳಿದ್ರೆ ಸರಿಯಾದ ಮದ್ದು ಕೊಡ್ಲಿಕ್ಕೆ ಸುಲಭ," ಎಂದರು.

ಹೇಳಿದೆ. ನಾನು ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಬರೆದುಕೊಂಡರು. ತೊಡೆಯ ಮಾಂಸ ಜಜ್ಜಿಹೋಗಿ, ಅದರ ಕೊಳೆ ರಕ್ತಕ್ಕೆ ಸೇರಿ ಕಿಡ್ನಿಯನ್ನು ಕಟ್ಟಿದೆ ಎಂದು ನಮಗೆ ತಿಳಿಸಿದರು. ಪೆಟ್ಟು ತಿಂದದ್ದು ತೊಡೆ, ನಿಂತುಹೋದದ್ದು ಕಿಡ್ನಿ. ನಂಬಲು ನನಗೇ ಕಷ್ಟವಾಯಿತು.

ಅತ್ತೆಯಂತೂ ನಂಬಲೇ ಇಲ್ಲ. ಅವರು ಆಸ್ಪತ್ರೆಯ ಮೆಟ್ಟಿಲಿನ ಕೆಳಗೆ ಚೀಲ ಹಿಡಿದು ಕುಳಿತವರು ಒಳಗೆ ಬರುತ್ತಲೇ ಇರಲಿಲ್ಲ. ಶಶಿ ಹೋಗಿ ಕರೆದರೆ, "ನನ್ನ ಕೈಯಿಂದ್ಲೇ ಆದದ್ದು ಮಗಾ. ಕಾಮಾಲೆ ಅಲ್ಲದವರಿಗೆ ಮದ್ದು ಕೊಟ್ಟೆ. ಡಾಕ್ಟ್ರಮ್ಮ ನನ್ನ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ ಹಾಗೆ ಹೇಳುದು," ಎಂದರಂತೆ. ಊರಿನಲ್ಲೂ ಅದೇ ಮಾತು ಹಬ್ಬಿತು. ಸುಂದರಿಯಕ್ಕ ಮದ್ದು ಕೊಟ್ಟು ಅಳಿಯನ ಕಿಡ್ನಿ ತೆಗೆದಳಂತೆ! ಪೊಲೀಸರ ಹೆಸರು ಹೇಳಲು ಜನರಿಗೆ ಹೆದರಿಕೆ, ಮುದುಕಿಯ ಹೆಸರು ಹೇಳಲು ಎಂತ ಹೆದರಿಕೆ?

ಡಯಾಲಿಸಿಸ್ಸಿನ ದಿನಗಳಲ್ಲಿ ಕುಡಿಯುವ ನೀರಿಗೂ ಅಳತೆ. ಬಾಯಾರಿಕೆ ಎಂದರೆ ಏನೆಂದು ನನಗೆ ಅಲ್ಲಿಯೇ ತಿಳಿದದ್ದು. ಪಕ್ಕದ ಮಂಚದಲ್ಲಿದ್ದ ಉಪ್ಪಳದ ಒಬ್ಬ ಇಚ್ಚಾ, ಮುಸ್ಲಿಂ ಹಿರಿಯರನ್ನು ನಮ್ಮ ಕಡೆ ಹಾಗೆ ಕರೆಯುವುದು, ವರ್ಷಗಟ್ಟಲೆಯಿಂದ ಯಂತ್ರಕ್ಕೆ ಬರುತ್ತಿದ್ದವರು. "ನೀರು ಕುಡಿಬೇಡ ಮಾರಾಯ, ಬಾಯಲ್ಲಿ ಇಟ್ಟುಕೋ. ಹೆಂಡ್ತಿ ಬೈಯುವಾಗ ನಾವು ಇಟ್ಟುಕೊಳ್ಳುದಿಲ್ವಾ, ನುಂಗುದೂ ಇಲ್ಲ ಉಗುಳುದೂ ಇಲ್ಲ, ಹಾಗೆ," ಎಂದು ಕಲಿಸಿಕೊಟ್ಟರು. ನಗಬಾರದ ಜಾಗದಲ್ಲಿ ನಾವು ಎಷ್ಟು ನಕ್ಕಿದ್ದೇವೆ! ಅವರ ಕಿಡ್ನಿ ಮತ್ತೆ ಬರುವಂಥದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ನನ್ನದು ಬಂದೀತು ಎಂದು ನನಗಿಂತ ಹೆಚ್ಚು ಆಸೆ ಇಟ್ಟುಕೊಂಡವರು ಅವರು.

ಬಂತು. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಬಾಟಲಿಯ ತಳ ಮುಚ್ಚುವಷ್ಟು ಮೂತ್ರ ಬಂತು. ಶಶಿ ಆ ಬಾಟಲಿಯನ್ನು ಎತ್ತಿ ಹಿಡಿದು ಇಚ್ಚಾಗೆ ತೋರಿಸಿದಳು. ಇಚ್ಚಾ ಎರಡೂ ಕೈ ಎತ್ತಿ ಅಲ್ಲಾಹನಿಗೆ ಸ್ತುತಿ ಹೇಳಿದರು. ಮಗು ಹುಟ್ಟಿದಾಗಲೂ ನಮ್ಮ ಮನೆಯಲ್ಲಿ ಇಷ್ಟು ಸಂಭ್ರಮ ಆಗಿರಲಿಲ್ಲ.

ಈ ನಡುವೆ ಆಸ್ಪತ್ರೆಯಿಂದ ಪೊಲೀಸರಿಗೆ ಕ್ರಮದಂತೆ ಸೂಚನೆ ಹೋಗಿತ್ತು. ಅದು ಕರ್ನಾಟಕದ ಠಾಣೆಯಿಂದ ಗಡಿ ದಾಟಿ ಕೇರಳಕ್ಕೆ ಹೋಗಿ, ಸುತ್ತಿ ಸುತ್ತಿ ತಲುಪಿದ್ದು ಎಲ್ಲಿಗೆ ಹೇಳಿ? ನನಗೆ ಹೊಡೆದ ಅದೇ ಠಾಣೆಗೆ. ಹೇಳಿಕೆ ಬರೆದುಕೊಳ್ಳಲು ಅಲ್ಲಿಂದಲೇ ಒಬ್ಬ ಪೊಲೀಸ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದ. ಕಿಡ್ನಿ ಕೆಟ್ಟವನಿಗೆ ಕಿತ್ತಳೆ ವಿಷ. ಕಳ್ಳನ ಕೈಗೆ ಕೀಲಿಕೈ ಕೊಡುವುದೆಂದರೆ ಇದೇ ಅಲ್ಲವೇ? ಶಶಿ ಹಣ್ಣಿನ ಸಮೇತ ಅವನನ್ನು ಹೊರಗೆ ಕಳಿಸಿದಳು. ಅಣ್ಣನ ಮಾತು ಮೀರಿ, ಅವಳೇ ಕಾಸರಗೋಡಿಗೆ ಹೋಗಿ ಜೆಸಿಂತಾ ಎಂಬ ವಕೀಲೆಯನ್ನು ಹಿಡಿದಳು.

ಜೆಸಿಂತಾ ಕೊಂಕಣಿ ಮನೆಯ ಹೆಂಗಸು, ಮಾತು ಕತ್ತರಿಯಂತೆ. ಮೊದಲ ದಿನವೇ ನನ್ನಲ್ಲಿ ಹೇಳಿದರು: "ನೋಡಿ ಸುಧಾಕರರೇ, ಹೊಡೆದವ್ನ ಮೇಲೆ ಕೇಸು ಬೇರೆ, ಅದು ನಡೀಲಿ. ಆದ್ರೆ ಅವ್ನು ಹೊಡೆದದ್ದು ಸರಕಾರದ ಬಟ್ಟೆ ಹಾಕಿ, ಸರಕಾರದ ಕೋಣೆಯಲ್ಲಿ, ಸರಕಾರದ ಲಾಠಿಯಲ್ಲಿ. ಹಾಗಾಗಿ ಜವಾಬ್ದಾರಿ ಸರಕಾರದ್ದು. ಅದನ್ನು ಅವರ ಬಾಯಿಯಿಂದ ಹೇಳಿಸ್ಬೇಕು." ನಾನು ಅಷ್ಟರವರೆಗೆ ಯೋಚಿಸಿದ್ದು ಆ ಎಸ್ಸೈಯ ಮುಖವನ್ನು ಮಾತ್ರ. ಸರಕಾರಕ್ಕೂ ನನಗೆ ಉತ್ತರ ಕೊಡುವ ಹೊಣೆ ಉಂಟು ಎಂಬುದು ಹೊಳೆದೇ ಇರಲಿಲ್ಲ.

ಮಾನವ ಹಕ್ಕುಗಳ ಆಯೋಗಕ್ಕೆ ದೂರು ಹೋಯಿತು. ಆಯೋಗದ ಸದಸ್ಯರು ಕೆಲವು ತಿಂಗಳಿಗೊಮ್ಮೆ ಕಾಸರಗೋಡಿಗೆ ಬಂದು ಕೇಳುವ ಕ್ರಮ. ಆ ಹೊರಗಿನ ಬೆಂಚಿಗೂ ಆಸ್ಪತ್ರೆಯ ಬೆಂಚಿಗೂ ಎಂತ ವ್ಯತ್ಯಾಸವೂ ಇಲ್ಲ. ಅಲ್ಲಿಯೂ ಹೆಸರು ಕರೆಯುವವರೆಗೆ ಬಾಯಿ ಒಣಗುತ್ತದೆ, ಅಲ್ಲಿಯೂ ಮುಂದಿನ ದಿನಾಂಕ ಕೊಟ್ಟು ಕಳಿಸುತ್ತಾರೆ. ಒಮ್ಮೆ ಪೊಲೀಸರ ವರದಿ ಬಂದಿಲ್ಲ, ಇನ್ನೊಮ್ಮೆ ಅಧಿಕಾರಿಗೆ ವರ್ಗ, ಮತ್ತೊಮ್ಮೆ ಕಡತ ಬೇರೆ ಆಫೀಸಿನಲ್ಲಿ. ಒಂದು ಮಳೆಗಾಲ ಹೋಯಿತು. ನಾನು ಮತ್ತೆ ಅಂಗಡಿ ತೆರೆದಿದ್ದೆ, ಆದರೆ ಸಂಜೆಯಾಗುವಾಗ ಕಾಲು ಊದುತ್ತಿತ್ತು. ಸುಸ್ತು ಹೆಚ್ಚಾದ ದಿನ, ಸಾಕು, ಬಿಟ್ಟುಬಿಡುವ ಎಂದು ಅನಿಸಿದ್ದುಂಟು. ತಡ ಮಾಡುವುದೂ ಒಂದು ರೀತಿಯ ಪೆಟ್ಟೇ ಎಂದು ಆ ಬೆಂಚಿನಲ್ಲಿ ಕುಳಿತವರಿಗೆಲ್ಲ ಗೊತ್ತು.

ಕೊನೆಗೆ ಪೊಲೀಸರ ವರದಿ ಬಂತು. ಮೊದಲು ನಾನು ಠಾಣೆಗೆ ಬಂದೇ ಇಲ್ಲ ಎಂದಿದ್ದರು. ವಾರ್ಡ್ ಮೆಂಬರ್ ಸಾಕ್ಷಿ ಹೇಳಿದ ಮೇಲೆ, ಬಂದದ್ದು ಹೌದು, ವಿಚಾರಿಸಿ ಕಳಿಸಿದ್ದು, ಕಿಡ್ನಿ ಹಾಳಾದದ್ದು ಹೆಂಡತಿಯ ತಾಯಿ ಕೊಟ್ಟ ಗುಟ್ಟಿನ ನಾಟಿ ಮದ್ದಿನಿಂದ ಎಂದು ಬರೆದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಹೊಡೆದದ್ದು ಸಾಲದೆ ಆ ಹೆಂಗಸಿನ ತಲೆಗೆ ಕಟ್ಟಿದರಲ್ಲ!

ಡಾಕ್ಟರು ರೇವತಿ ಅಷ್ಟು ದೂರದಿಂದ ರಜೆ ಹಾಕಿ ಬಂದರು. ಇದು ಪೆಟ್ಟಿನಿಂದಲೇ ಆದದ್ದೆಂದು ತಮಗೆ ಕಾಣುತ್ತದೆ ಎಂದರು. ಸರಕಾರದ ವಕೀಲರು ಎದ್ದು, "ಆ ಮದ್ದಿನಲ್ಲಿ ಎಂತ ಇತ್ತು ಅಂತ ನಿಮ್ಗೆ ಗೊತ್ತುಂಟಾ? ಗೊತ್ತಿಲ್ಲದೆ ಅದು ಕಾರಣ ಅಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಡಾಕ್ಟರು, "ಗೊತ್ತಿಲ್ಲದೆ ಹೇಳ್ಲಿಕ್ಕೆ ಆಗುದಿಲ್ಲ," ಎಂದುಬಿಟ್ಟರು. ಆಗ ಅವರ ಮೇಲೂ ಸಿಟ್ಟು ಬಂದಿತ್ತು. ಒಂದು ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು? ಈಗ ಯೋಚಿಸಿದರೆ, ನನಗೋಸ್ಕರವೂ ಸುಳ್ಳು ಹೇಳದ ಆ ಬಾಯಿಗೆ ಬೆಲೆ ಇದ್ದದ್ದರಿಂದಲೇ ಅವರ ಉಳಿದ ಮಾತಿಗೂ ಬೆಲೆ ಬಂತು.

ಅಲ್ಲಿಗೆ ಎಲ್ಲವೂ ಅತ್ತೆಯ ಗುಟ್ಟಿಗೆ ಬಂದು ನಿಂತಿತು. ಕೇಳಬಾರದು ಎಂದು ನಾನೂ ಶಶಿಯೂ ತೀರ್ಮಾನಿಸಿದೆವು. ಊರಿನ ಮಾತು ಎಷ್ಟೇ ಇದ್ದರೂ ದೂರದವರು ಇನ್ನೂ ಮದ್ದಿಗೆ ಬರುತ್ತಿದ್ದರು. ಬದುಕಿನಲ್ಲಿ ಅವರ ಸ್ವಂತದ್ದು ಎಂದು ಇದ್ದದ್ದು ಅದೊಂದೇ ಮರ್ಯಾದೆ. ಆದರೆ ಜೆಸಿಂತಾ ನಮ್ಮ ತೀರ್ಮಾನವನ್ನು ಕೇಳಿಕೊಂಡು ಸುಮ್ಮನಿರುವ ಹೆಂಗಸಲ್ಲ. ವರ್ಕಾಡಿಗೆ ಹೋಗಿ, ವಿಷಯ ಹೀಗೆ ಉಂಟು ಎಂದಷ್ಟೇ ಹೇಳಿ ಬಂದರಂತೆ. ಬನ್ನಿ ಎಂದು ಕರೆಯಲೇ ಇಲ್ಲವಂತೆ.

ಮುಂದಿನ ಸಿಟ್ಟಿಂಗಿನ ದಿನ ನಾವು ಬಸ್ಸಿಳಿದು ಹೋಗುವಾಗ ಅತ್ತೆ ಆಗಲೇ ಬೆಂಚಿನಲ್ಲಿ ಕುಳಿತಿದ್ದರು. ಜೊತೆಗೆ ಒಬ್ಬ ಗಂಡಸು, ಒಬ್ಬ ಹೆಂಗಸು. ತೊಡೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು.

"ಅತ್ತೆ, ನೀವು ಎಂತಕ್ಕೆ ಬಂದದ್ದು? ಬೇಡ," ಎಂದೆ.

"ನಿಮ್ಮ ಕೇಸಿಗೆ ಬಂದದ್ದಲ್ಲ. ನನ್ನದು ಬೇರೆ ಉಂಟು," ಎಂದರು, ನನ್ನ ಮುಖ ನೋಡದೆ.

ಒಳಗೆ ಸದಸ್ಯರು ನಿವೃತ್ತ ಜಡ್ಜಿ, ವಯಸ್ಸಾದವರು, ಮಲಯಾಳದವರು. ಪಕ್ಕದಲ್ಲಿ ಕನ್ನಡ ಅನುವಾದ ಮಾಡಲು ಒಬ್ಬರನ್ನು ಕೂರಿಸಿದ್ದರು. ಅತ್ತೆಗೆ ಕುರ್ಚಿ ಕೊಡಿಸಿದರು. ಇದು ಮನೆತನದ ಗುಟ್ಟು, ಹೇಳಿದರೆ ಕೈಗುಣ ಹೋಗುತ್ತದೆಂಬ ನಂಬಿಕೆ ಉಂಟು ಎಂದು ಜೆಸಿಂತಾ ವಿವರಿಸಿದರು. ಸದಸ್ಯರು ನಗಲಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ. ಪೆನ್ನು ಕೆಳಗಿಟ್ಟು, "ಅಮ್ಮ ಬಯಸಿದರೆ ಎಲ್ಲರನ್ನೂ ಹೊರಗೆ ಕಳಿಸುತ್ತೇನೆ, ನನ್ನೊಬ್ಬನ ಹತ್ತಿರ ಹೇಳಲಿ," ಎಂದರು. ಅನುವಾದದವರು ಅದನ್ನು ಕನ್ನಡದಲ್ಲಿ ಹೇಳಿದರು.

ಅತ್ತೆ ಕಟ್ಟನ್ನು ತೊಡೆಯಿಂದ ಎತ್ತಿ ಕೈಯಲ್ಲಿ ಹಿಡಿದರು. ಆಮೇಲೆ ತಲೆ ಎತ್ತಿದರು.

"ಬೇಡ ಸ್ವಾಮಿ. ಎಲ್ಲರೂ ಕೇಳ್ಲಿ. ಹೊಡೆದವ್ರು ಬಾಗಿಲು ಹಾಕಿ ಹೊಡೆದದ್ದು. ನಾನು ಎಂತಕ್ಕೆ ಬಾಗಿಲು ಹಾಕಿ ಮಾತಾಡ್ಬೇಕು?"

ಬಟ್ಟೆ ಬಿಚ್ಚಿ, ಬೇರು ಸಮೇತ ಕಿತ್ತು ತಂದಿದ್ದ ಗಿಡವನ್ನು ಮೇಜಿನ ಮೇಲಿಟ್ಟರು. "ಇದು ಕಿರುನೆಲ್ಲಿ. ಅರೆದು ಹಸುವಿನ ಹಾಲಲ್ಲಿ ಕೊಡುದು. ಬೇರೆ ಒಂದು ಎಲೆಯೂ ಇಲ್ಲ. ಅಳಿಯನಿಗೆ ಕೊಡುವ ಮೊದ್ಲು ಅದೇ ಪಾತ್ರೆಯಿಂದ ನಾನು ಕುಡಿದಿದ್ದೇನೆ. ಇಗೊಳ್ಳಿ, ಇವ್ರಿಬ್ರೂ ಅದೇ ದಿನ ಅದೇ ಪಾತ್ರೆಯಿಂದ ಕುಡಿದವ್ರು. ಕೇಳಿ ಬೇಕಾದ್ರೆ."

ಅಯ್ಯೋ ದೇವರೇ! ಕಿರುನೆಲ್ಲಿ! ಮಳೆ ಬಿದ್ದರೆ ನಮ್ಮ ಅಂಗಡಿಯ ಮೆಟ್ಟಿಲ ಸಂದಿಯಲ್ಲೂ ಏಳುವ ಗಿಡ. ಕಾಮಾಲೆಗೆ ಅದೇ ಮದ್ದೆಂದು ಅರ್ಧ ಜಿಲ್ಲೆಗೆ ಗೊತ್ತು. ಅತ್ತೆಯೊಬ್ಬರೇ ಅದನ್ನು ಇಷ್ಟು ವರ್ಷ ಉಸಿರು ಬಿಡದೆ ಕಾಪಾಡಿಕೊಂಡು ಬಂದವರು. ಅಲ್ಲಿದ್ದವರಲ್ಲಿ ಒಂದಿಬ್ಬರು ಕಿಸಕ್ಕೆಂದರು. ನಾನು ಮಾತ್ರ ನಗಲಿಲ್ಲ. ಗುಟ್ಟು ಸಣ್ಣದಾದರೇನು, ಅದನ್ನು ಬಿಟ್ಟುಕೊಟ್ಟ ಮನಸ್ಸು ಎಷ್ಟು ದೊಡ್ಡದು! ನನ್ನ ಹೆಂಡತಿಯ ತಾಯಿಯ ಮುಂದೆ ಅಡ್ಡ ಬೀಳಬೇಕು ಎಂದು ನನಗೆ ಅನಿಸಿದ್ದು ಅಂದು.

ಸದಸ್ಯರು ಆ ಇಬ್ಬರನ್ನೂ ವಿಚಾರಿಸಿದರು. ಮೈ ಹೇಗುಂಟು ಎಂದು ಕೇಳಿದ್ದಕ್ಕೆ ಆ ಗಂಡಸು, "ಕಾಮಾಲೆ ಹೋಯ್ತು ಸಾರ್, ಈಗ ಬರೀ ಸಾಲ ಉಂಟು," ಎಂದ. ಗಿಡವನ್ನು ಗುರುತಿಸಲು ಸರಕಾರಿ ಆಯುರ್ವೇದ ಡಾಕ್ಟರನ್ನು ಕಳಿಸಲು ಅಲ್ಲಿಂದಲೇ ಫೋನು ಮಾಡಿಸಿದರು. ಇನ್ನೊಂದು ದಿನಾಂಕ ಕೇಳಲು ಎದ್ದ ಸರಕಾರದ ವಕೀಲರನ್ನು, "ಇವರು ಕಾದದ್ದು ಸಾಕು. ಇವತ್ತು ಊಟದ ಮೇಲೆ ಕೇಳುವ," ಎಂದು ಕೂರಿಸಿದರು. ಊಟದ ಮೇಲೆ ಆಯುರ್ವೇದದವರು ಬಂದು, ಹೌದು, ಇದು ಅದೇ ಗಿಡ ಎಂದರು. ಡಾಕ್ಟರು ರೇವತಿಯನ್ನು ಫೋನಿನಲ್ಲಿ ಕೇಳಿದಾಗ, ಈ ಗಿಡ ಎರಡು ದಿನದಲ್ಲಿ ಹೀಗೆ ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಸರಕಾರದ ವಕೀಲರು ಕಡತ ಕಟ್ಟಿಟ್ಟರು.

ಮರುದಿನದಿಂದ ಅತ್ತೆ ಮದ್ದು ಕೊಡುವುದನ್ನು ನಿಲ್ಲಿಸಿದರು. ಬಂದವರಿಗೆ, ಕೈಗುಣ ಹೋಯಿತು, ರಕ್ತ ಪರೀಕ್ಷೆ ಮಾಡಿಸಿ, ಆಸ್ಪತ್ರೆಗೆ ಹೋಗಿ ಎಂದು ಜೀಪಿನಿಂದ ಇಳಿಯುವ ಮೊದಲೇ ಹೇಳಿ ಕಳಿಸುತ್ತಿದ್ದರು. ಬೇಜಾರುಂಟಾ ಎಂದು ಶಶಿ ಕೇಳಿದರೆ, "ಬೇಜಾರಿಲ್ಲದೆ ಉಂಟಾ? ನನ್ನ ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನು ಮೈಕಿನಲ್ಲಿ ಹೇಳಿ ಬಂದೆ," ಎಂದರಂತೆ.

ನನ್ನ ಕಿಡ್ನಿ ಈಗ ಪೂರ್ತಿ ಮೊದಲಿನ ಹಾಗಿಲ್ಲ, ಆದರೆ ನನ್ನನ್ನು ನಡೆಸಿಕೊಂಡು ಹೋಗುವಷ್ಟು ಉಂಟು. ಉಪ್ಪು ಕಡಿಮೆ, ಮಾತ್ರೆ ದಿನಾ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಪರೀಕ್ಷೆಯ ಹಿಂದಿನ ದಿನ ಈಗಲೂ ಹೆದರಿಕೆಯಾಗುತ್ತದೆ, ಅದಕ್ಕೆ ನಾಚಿಕೆ ಪಡುವುದನ್ನು ಬಿಟ್ಟಿದ್ದೇನೆ. ನಿಮಗೂ ಹಾಗೆ ಆದರೆ ನೀವೂ ಬಿಡಿ.

ಆಯೋಗದ ಆರ್ಡರ್ ಬಂದ ದಿನ ಜೆಸಿಂತಾ ನಮ್ಮನ್ನು ತಮ್ಮ ಕಾರಿನಲ್ಲೇ ವರ್ಕಾಡಿಗೆ ಕರೆದುಕೊಂಡು ಹೋದರು. ಸರಕಾರ ನನಗೆ ಪರಿಹಾರ ಕೊಡಬೇಕು, ಆಸ್ಪತ್ರೆಯ ಖರ್ಚು ಭರಿಸಬೇಕು, ಅದನ್ನು ತಪ್ಪಿತಸ್ಥರಿಂದ ವಸೂಲು ಮಾಡಿಕೊಳ್ಳಬೇಕು, ಕಾನೂನು ಕ್ರಮ ಆಗಬೇಕು. ಅತ್ತೆ ಜಗಲಿಯಲ್ಲಿ ಕುಳಿತು ಇದನ್ನೆಲ್ಲ ಬೇರೆ ಯಾರದೋ ವಿಷಯದ ಹಾಗೆ ಕೇಳುತ್ತಿದ್ದರು. ಜೆಸಿಂತಾ ಒಂದು ಕಡೆ ಬೆರಳಿಟ್ಟು, "ಸುಂದರಿಯಕ್ಕ, ಇದು ನಿಮ್ದು," ಎಂದು ನಿಧಾನವಾಗಿ ಕನ್ನಡದಲ್ಲಿ ಹೇಳಿದರು: ದೂರುದಾರನ ಕಿಡ್ನಿಗಳಿಗೆ ಆದ ಹಾನಿಗೆ ಕಾರಣ ಪೊಲೀಸರ ಪೆಟ್ಟು, ಅದಕ್ಕೆ ಸರಕಾರ ಹೊಣೆ, ಅವನ ಹೆಂಡತಿಯ ತಾಯಿ ಕೊಟ್ಟ ಮದ್ದು ಕಾರಣವಲ್ಲ.

"ಇನ್ನೊಮ್ಮೆ ಓದಿ," ಎಂದರು ಅತ್ತೆ.

ಜೆಸಿಂತಾ ಓದಿದರು.

"ಕೊನೆಯದ್ದು ಮಾತ್ರ ಇನ್ನೊಮ್ಮೆ."

ಓದಿದರು. ಅತ್ತೆ ಎದ್ದರು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಷ್ಟು ಸಮಯದ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿ, ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಬರಿಗಾಲಲ್ಲಿ ಅಂಗಳಕ್ಕಿಳಿದು, ಬೇಲಿಯ ಹತ್ತಿರ ಹೋಗಿ, ಆಚೆ ಮನೆಯಿಂದ ಆಚೆಯ ಮನೆಗೂ ಕೇಳುವ ಹಾಗೆ ಕೂಗಿ ಹೇಳಿದರು:

"ಕೇಳಿತಾ? ನಾನಲ್ಲ! ಆರ್ಡರಿನಲ್ಲಿ ಬರೆದುಂಟು, ನಾನಲ್ಲ!"